ಟೈಗರ್ ಹೊಟ್ಟೆ ಕೆಡಿಸಿದ್ದು ಯಾರು?

ಬಸ್ ಸ್ಟ್ಯಾಂಡಿನ ಹಿಂದಿನ ತಿಪ್ಪೆಯ ಹತ್ತಿರ, ಇಲ್ಲವೇ ಊರಾಚೆಯ ಬೈಪಾಸಿನ ಅಂಚಿನಲ್ಲಿ ಆಗಾಗ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಬೀದಿನಾಯಿಗಳ ಗುಂಪಿನಲ್ಲಿ ಒಂದು ಜಾತಿನಾಯಿ! ಕೊರಳಲ್ಲಿ ಬೆಲ್ಟಿನ ಗುರುತು ಇನ್ನೂ ಮಾಸಿಲ್ಲ. ಪಕ್ಕೆಲುಬು ಎಣಿಸಬಹುದು. ಬಂದ ಪ್ರತಿ ಕಾರಿನ ಹಿಂದೆ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತದೆ.

ಸಾವಿರಾರು ರೂಪಾಯಿ ಸುರಿದು ತಂದ ಮರಿ ಹೀಗೆ ಬೀದಿಗೆ ಬೀಳುವುದೇಕೆ? ಕಾರಣ ಹಲವು. ಆದರೆ ಯಾರೂ ಬಾಯಿಬಿಟ್ಟು ಹೇಳದ ಕಾರಣ ಒಂದಿದೆ: ಭೇದಿ. ಮರಿಗೆ ತಿಂಗಳುಗಟ್ಟಲೆ ಹೊಟ್ಟೆ ನಿಲ್ಲುವುದಿಲ್ಲ. ಮನೆಯೆಲ್ಲ ಗಲೀಜು, ವಾಸನೆ. ಔಷಧಿಗೆ ಕೊಟ್ಟ ದುಡ್ಡು ನೀರಾಯಿತೆಂಬ ಸಿಟ್ಟು. ಕೊನೆಗೊಂದು ರಾತ್ರಿ ಯಾರೋ ಗಾಡಿಗೆ ಹತ್ತಿಸಿಕೊಂಡು ಹೋಗಿ ಇಳಿಸಿ ಬರುತ್ತಾರೆ.

ಅಂಥ ನಾಯಿಗಳಲ್ಲಿ ಬಹಳಷ್ಟಕ್ಕೆ ವಾಸಿಯಾಗದ ರೋಗವೇನೂ ಇರುವುದಿಲ್ಲ ಎಂಬುದೇ ಇಲ್ಲಿಯ ದುಃಖದ ಸಂಗತಿ. ಅವಕ್ಕೆ ಬೇಕಾದದ್ದು ಪಥ್ಯ. ಪಥ್ಯ ಹಿಡಿಸುವ ತಾಳ್ಮೆ ಮನೆಯವರಿಗೆ ಇರುವುದಿಲ್ಲ, ಅಷ್ಟೆ.

ಹೆಸರಿಗೆ ಹುಲಿ, ನೋಟಕ್ಕೆ ಇಲಿ

ಪೇಟೆ ಬೀದಿಯ ಒಬ್ಬ ದಿನಸಿ ವ್ಯಾಪಾರಿಗಳ ಮನೆಯ ನಾಯಿಯನ್ನೇ ನೋಡಿ. ಒಂಬತ್ತು ತಿಂಗಳ ಗಂಡು ಲ್ಯಾಬ್ರಡಾರ್. ಹೆಸರು ಟೈಗರ್. ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರೆ ಮುಳ್ಳು 16 ಕಿಲೋಗೆ ನಿಂತಿತು. ಆ ವಯಸ್ಸಿಗೆ 25 ಕಿಲೋ ಆಸುಪಾಸು ಇರಬೇಕಾದ ಜಾತಿ ಅದು.

ನಾಲ್ಕನೇ ತಿಂಗಳಿನಿಂದ ಹೊಟ್ಟೆ ಕೆಟ್ಟಿತ್ತು. ನಾಲ್ಕು ದಿನ ಸರಿ, ಹತ್ತು ದಿನ ಭೇದಿ. ಮಲದಲ್ಲಿ ಲೋಳೆ. ಜೊತೆಗೆ ಕಿವಿ ಕೆರೆತ, ಪಾದ ನೆಕ್ಕಿ ನೆಕ್ಕಿ ಕೆಂಪು. ಮದ್ದೇನು ಕಮ್ಮಿ ಮಾಡಿರಲಿಲ್ಲ. ಮಜ್ಜಿಗೆ ಆಯಿತು, ಮೆಂತ್ಯ ಆಯಿತು, ಮೆಡಿಕಲ್ ಸ್ಟೋರಿನವರು ಕೊಟ್ಟ ಮನುಷ್ಯರ ಮಾತ್ರೆಯೂ ಆಯಿತು. ಮಾತ್ರೆ ನುಂಗಿದ ದಿನ ನಿಲ್ಲುತ್ತಿತ್ತು, ಬಿಟ್ಟ ಮರುದಿನ ಶುರು.

ಮನೆಯಲ್ಲಿ ದಿನಾ ಜಗಳ. "ಆ ನಾಯಿ ಇರಬೇಕು, ಇಲ್ಲಾ ನಾನಿರಬೇಕು" ಅಂತ ಮನೆಯಾಕೆ. "ಇನ್ನೊಂದು ವಾರ ನೋಡೋಣ ಕಣೇ" ಅಂತ ಯಜಮಾನರು. ಬೈಪಾಸಿನ ಮಾತೂ ಬಂದಿತ್ತು. ಶಾಲೆಗೆ ಹೋಗುವ ಮಗಳು ಎರಡು ಹೊತ್ತು ಊಟ ಬಿಟ್ಟಿದ್ದರಿಂದ ಆ ಮಾತು ಅಲ್ಲಿಗೇ ನಿಂತು, ಟೈಗರ್ ದನದ ಆಸ್ಪತ್ರೆಯ ಮೆಟ್ಟಿಲು ಹತ್ತಿತು.

ಮೊದಲು ಮಲ ಪರೀಕ್ಷೆ, ಆಮೇಲೆ ಮಾತು

ಡಾಕ್ಟರು ಮೊದಲು ಕೇಳಿದ್ದು ಎಷ್ಟು ದಿನದಿಂದ ಎಂದು. ಈ ಪ್ರಶ್ನೆ ಸಣ್ಣದಲ್ಲ. ನಿನ್ನೆ ಮೊನ್ನೆ ಶುರುವಾದ ಭೇದಿಯ ದಾರಿ ಬೇರೆ, ಮೂರು ವಾರ ದಾಟಿದ ಭೇದಿಯ ದಾರಿ ಬೇರೆ. ಮರಿಗೆ ಇದ್ದಕ್ಕಿದ್ದಂತೆ ವಾಂತಿ, ರಕ್ತಭೇದಿ ಹತ್ತಿ ಮಂಕಾದರೆ ಪಾರ್ವೋ ವೈರಸ್ ಇರಬಹುದು. 1978ರಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ, ಲಸಿಕೆ ಹಾಕಿಸದ ಮರಿಯನ್ನು ಎರಡು ಮೂರು ದಿನದಲ್ಲೇ ಕೊಂಡೊಯ್ಯಬಲ್ಲದು. ಅಲ್ಲಿ ಪಥ್ಯ, ಮನೆಮದ್ದು ಎಂದು ಕೂರಬಾರದು. ನೇರ ಆಸ್ಪತ್ರೆಗೆ.

ಹಳೆಯ ಭೇದಿಯಾದರೆ ಮೊದಲು ಜಂತುಹುಳು, ಆಮೇಲೆ ಜಿಯಾರ್ಡಿಯಾ ಎಂಬ ಕಣ್ಣಿಗೆ ಕಾಣದ ಜೀವಿ ಇದೆಯೇ ಎಂದು ಮಲ ಪರೀಕ್ಷೆ ಮಾಡುತ್ತಾರೆ. ಒಂದು ದಿನದ ಮಲದಲ್ಲಿ ಅದು ಸಿಕ್ಕದೇ ಹೋಗಬಹುದು, ಬೇರೆ ಬೇರೆ ದಿನದ್ದು ಕೇಳಿದರೆ ಬೇಸರ ಪಡಬಾರದು. ಅಲ್ಸೇಷಿಯನ್ ನಾಯಿಯಾದರೆ ಇನ್ನೊಂದು ಅನುಮಾನ. ಎಷ್ಟು ತಿಂದರೂ ತೀರದ ಹಸಿವು, ರಾಶಿ ರಾಶಿ ಜಿಡ್ಡು ಮಲ, ಆದರೂ ಮೈ ಹತ್ತದಿದ್ದರೆ ಮೇದೋಜೀರಕ ಗ್ರಂಥಿ ಸೋತಿರಬಹುದು. ಅದಕ್ಕೆ ರಕ್ತ ಪರೀಕ್ಷೆ ಇದೆ. ಊಟದ ಜೊತೆ ಬೆರೆಸುವ ಕಿಣ್ವದ ಪುಡಿಯಿಂದ ಅಂಥ ನಾಯಿಯೂ ವರ್ಷಗಟ್ಟಲೆ ಬಾಳುತ್ತದೆ.

ಟೈಗರ್‌ಗೆ ಇದ್ಯಾವುದೂ ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದಿಟ್ಟು ಕೇಳಿದರು: "ಏನೇನು ತಿನ್ನಿಸ್ತೀರಿ ಯಜಮಾನ್ರೇ?"

"ಏನಿಲ್ಲ ಸ್ವಾಮಿ, ಅನ್ನ, ಚಿಕನ್ನು, ಒಂಚೂರು ಹಾಲು" ಎಂದರು ಯಜಮಾನರು.

"ನಿಮ್ಮ ಅಂಗಡೀಲಿ ಸಾಲದ ಲೆಕ್ಕ ಬರೀತೀರಲ್ಲ, ಹಾಗೆ ಇದರದ್ದೂ ಒಂದು ವಾರ ಬರೀರಿ. ಯಾರು, ಯಾವಾಗ, ಏನು ಕೊಟ್ರು, ಎಲ್ಲಾ."

ಹತ್ತು ಕೈಯ ಪ್ರೀತಿ

ಒಂದು ವಾರದ ಲೆಕ್ಕ ನೋಡಿ ಯಜಮಾನರೇ ದಂಗಾದರು. ಬೆಳಗ್ಗೆ ಹಾಲು ಹಾಕುವವನಿಂದ ಅರ್ಧ ಲೋಟ ಹಾಲು. ಎದುರಿನ ಬೇಕರಿಯಿಂದ ಬನ್ನಿನ ತುದಿ. ಬಸ್ಸಿಗೆ ಕಾಯುವ ಕಾಲೇಜು ಹುಡುಗರಿಂದ ಬಿಸ್ಕತ್ತು, ಕೆಲವು ದಿನ ಇಡೀ ಪ್ಯಾಕೆಟ್ಟು. ಕೋಳಿ ಅಂಗಡಿಯಿಂದ ಕಾಲು, ತಲೆ. ಅಜ್ಜಿಯಿಂದ ರಾತ್ರಿ ಕದ್ದು ಕೊಟ್ಟ ಮೊಸರನ್ನ. ಮೂಟೆ ಇಳಿಸುವವರಿಂದ ಬೋಂಡದ ಚೂರು. ಹಗೆಯಿಂದ ಕೊಟ್ಟವರು ಒಬ್ಬರೂ ಇಲ್ಲ. ಎಲ್ಲರೂ ಪ್ರೀತಿಯಿಂದಲೇ ಕೊಟ್ಟವರು!

ಇದರಲ್ಲಿ ಕಳ್ಳ ಯಾವುದು? ಹಾಲು ಒಂದು ಬಗೆ. ತಾಯಿ ಮೊಲೆ ಬಿಟ್ಟ ಮೇಲೆ ಮರಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆ ಕರಗಿಸುವ ಶಕ್ತಿ ಇಳಿಯುತ್ತ ಹೋಗುತ್ತದೆ. ಆಮೇಲೆ ಹಸುವಿನ ಹಾಲು ಹೆಚ್ಚಾದರೆ ಭೇದಿಯಾಗುತ್ತದೆ. ಅದು ಅಲರ್ಜಿಯಲ್ಲ, ಅರಗದಿರುವುದು. ಅಲರ್ಜಿ ಬೇರೆ. ಆಹಾರದ ಒಂದು ಪ್ರೋಟೀನನ್ನು ಮೈ ಶತ್ರುವೆಂದು ತಿಳಿದು ಜಗಳಕ್ಕೆ ನಿಲ್ಲುತ್ತದೆ. ಆ ಜಗಳ ಹೊಟ್ಟೆಯಲ್ಲಿ ನಡೆದರೆ ಭೇದಿ, ಚರ್ಮದಲ್ಲಿ ನಡೆದರೆ ಕೆರೆತ. ಎರಡೂ ಕಡೆ ನಡೆಯುವುದೂ ಉಂಟು.

"ಇಷ್ಟು ದಿನ ಅದನ್ನೇ ತಿಂದು ಆರಾಮಾಗಿತ್ತಲ್ಲ" ಎನ್ನುವುದು ಎಲ್ಲರ ವಾದ. ವಿಚಿತ್ರವೆಂದರೆ ಅಲರ್ಜಿ ಬರುವುದೇ ತಿಂದು ಪರಿಚಯವಾದ ಪದಾರ್ಥಕ್ಕೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಅಲ್ಲಿಯವರೆಗಿನ ವರದಿಗಳಲ್ಲಿದ್ದ 297 ಅಲರ್ಜಿ ನಾಯಿಗಳ ಲೆಕ್ಕ ಕೂಡಿಸಿತು. ದನದ ಮಾಂಸಕ್ಕೆ ಶೇ. 34, ಹಾಲಿನ ಪದಾರ್ಥಕ್ಕೆ ಶೇ. 17, ಕೋಳಿಗೆ ಶೇ. 15, ಗೋಧಿಗೆ ಶೇ. 13. ಒಂದೇ ನಾಯಿಗೆ ಎರಡು ಮೂರು ಒಗ್ಗದಿರುವುದೂ ಇದೆ. ನಾಯಿಗೆ ದಿನಾ ಹಾಕುವ ಪದಾರ್ಥಗಳೇ ಇವೆಲ್ಲ!

ಅನ್ನ, ರಾಗಿ ಪಾಪ ಸುಮ್ಮನೆ ಬೈಸಿಕೊಳ್ಳುತ್ತವೆ. "ನಾಯಿ ತೋಳದ ಜಾತಿ, ಅದಕ್ಕೆ ಅನ್ನ ಹಾಕ್ಬಾರ್ದು" ಎನ್ನುವ ಪಂಡಿತರು ಬಹಳ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದು ಬೇರೆಯೇ. ಪಿಷ್ಟ ಕರಗಿಸುವ ಒಂದು ಜೀನ್ ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಯಲ್ಲಿ 4ರಿಂದ 30 ಪ್ರತಿಯವರೆಗೆ ಇದೆ. ಮನುಷ್ಯನ ಮನೆಬಾಗಿಲಲ್ಲಿ ಬೆಳೆದ ಪ್ರಾಣಿ ಮನುಷ್ಯನ ಊಟಕ್ಕೆ ಹೊಂದಿಕೊಂಡಿದೆ.

ಎಂಟು ವಾರದ ವ್ರತ

ಕಳ್ಳನನ್ನು ಹಿಡಿಯುವ ನಂಬಿಕೆಯ ದಾರಿ ಒಂದೇ. ಈವರೆಗೆ ತಿನ್ನದ ಒಂದು ಮಾಂಸ, ಒಂದು ಧಾನ್ಯ ಅಥವಾ ಗೆಡ್ಡೆ. ಅಷ್ಟು ಬಿಟ್ಟು ನೀರು ಮಾತ್ರ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಆಹಾರದ ಅಲರ್ಜಿಯನ್ನು ರಕ್ತ ಪರೀಕ್ಷೆಯಲ್ಲೇ ಹೇಳುತ್ತೇವೆ ಎನ್ನುವವರಿದ್ದಾರೆ. ಆ ಫಲಿತಾಂಶವನ್ನು ನಂಬಿ ಪಥ್ಯ ಕಟ್ಟಲಾಗದು. ಪ್ರೋಟೀನನ್ನು ಚೂರು ಚೂರು ಮಾಡಿ ತಯಾರಿಸಿದ ಡಾಕ್ಟರರ ಆಹಾರವೂ ಪೊಟ್ಟಣದಲ್ಲಿ ಬರುತ್ತದೆ. ಒಳ್ಳೆಯದೇ, ಆದರೆ ದುಬಾರಿ.

ಟೈಗರ್‌ಗೆ ಡಾಕ್ಟರು ಬರೆದುಕೊಟ್ಟದ್ದು ಮುಳ್ಳು ತೆಗೆದ ಬೇಯಿಸಿದ ಮೀನು, ಬೇಯಿಸಿದ ಸಿಹಿಗೆಣಸು. ಜೊತೆಗೆ ತೂಕಕ್ಕೆ ತಕ್ಕ ಕ್ಯಾಲ್ಸಿಯಂ. ಈ ಕ್ಯಾಲ್ಸಿಯಂ ಮಾತು ಮರೆಯಬಾರದು. ಬೆಳೆಯುವ ಮರಿಗೆ ಬರೀ ಮಾಂಸ, ಗೆಡ್ಡೆ ಹಾಕುತ್ತ ಹೋದರೆ ಹೊಟ್ಟೆ ಸರಿಯಾಗಿ ಕಾಲು ಸೊಟ್ಟಗಾದೀತು. ಅಳತೆ ಡಾಕ್ಟರದ್ದೇ ಇರಬೇಕು.

ಮನೆಯಲ್ಲಿ ಹೊಸ ತಕರಾರು. ಸೋಮವಾರ, ಶನಿವಾರ ಒಲೆಯ ಮೇಲೆ ಮೀನು ಏರುವಂತಿಲ್ಲ. ಮೊದಲ ಎರಡು ವಾರ ಸಾಗಿತು. ಹತ್ತನೇ ದಿನಕ್ಕೆ ಮಲ ಗಟ್ಟಿಯಾಯಿತು, ಮನೆಯೆಲ್ಲ ಹಿಗ್ಗಿತು. ಹೊಟ್ಟೆಯ ಕಾಯಿಲೆ ಪಥ್ಯಕ್ಕೆ ಬಗ್ಗುವುದಾದರೆ ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯುತ್ತದೆ. ಮೂರನೇ ಶನಿವಾರ ಅಜ್ಜಿ "ಒಂದು ದಿನಕ್ಕೇನಾಗುತ್ತೆ" ಎಂದು ಮೊಸರನ್ನ ಕೊಟ್ಟರು. ಅದೇ ಸಂಜೆ ಕಾಲೇಜು ಹುಡುಗರ ಬಿಸ್ಕತ್ತು. ಭಾನುವಾರ ಕೋಳಿ ಅಂಗಡಿಯ ಕಾಲು. ಸೋಮವಾರ ಮತ್ತೆ ಭೇದಿ. ಇಪ್ಪತ್ತು ದಿನದ ಶ್ರಮ ಮೂರು ದಿನದಲ್ಲಿ ಮಣ್ಣುಪಾಲು.

ಸಿಟ್ಟಿಗೆದ್ದವರು ಯಜಮಾನರಲ್ಲ, ಮನೆಯಾಕೆ! ಹಿತ್ತಲಲ್ಲಿ ಬೇರೆ ಒಲೆ ಹೂಡಿದರು, ಬೇರೆ ಪಾತ್ರೆ ಇಟ್ಟರು. ಶನಿವಾರಕ್ಕೆ ಶುಕ್ರವಾರವೇ ಬೇಯಿಸಿ ಅಂಗಡಿಯ ಫ್ರಿಜ್ಜಿನಲ್ಲಿಟ್ಟರು. ಮಗಳು ರಟ್ಟಿನ ಮೇಲೆ ಬರೆದು ನಾಯಿಯ ಕೊರಳಿಗೆ ಕಟ್ಟಿದಳು: "ನನಗೆ ಪಥ್ಯ. ಏನೂ ಕೊಡಬೇಡಿ." ಓದಿದ ಹುಡುಗರು ನಕ್ಕರು. ಬಿಸ್ಕತ್ತು ಮಾತ್ರ ಜೇಬಿಗೆ ಹೋಯಿತು.

ಲೆಕ್ಕ ಮತ್ತೆ ಒಂದರಿಂದ ಶುರು. ಕೆರೆತವೂ ಇದ್ದುದರಿಂದ ಎಂಟು ವಾರ ಕಾಯಬೇಕಿತ್ತು. ಆಹಾರದ ಅಲರ್ಜಿಯಿಂದ ಚರ್ಮ ಕೆಟ್ಟ ನಾಯಿಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಐದು ವಾರಕ್ಕೆ, ಶೇ. 90ಕ್ಕೂ ಹೆಚ್ಚಿನವು ಎಂಟು ವಾರಕ್ಕೆ ಗುಣ ಕಾಣುತ್ತವೆ ಎಂದು 2015ರ ಒಂದು ಅಧ್ಯಯನ ಹೇಳಿದೆ. ನಾಲ್ಕನೇ ವಾರಕ್ಕೆ "ಇದೆಲ್ಲ ಸುಳ್ಳು" ಎಂದು ಕೈಬಿಟ್ಟವರು ಸೋಲುವುದು ಇಲ್ಲೇ. ಇನ್ನೊಂದು ಗುಟ್ಟು: ಹುಳುವಿಗೆ, ಉಣ್ಣೆಗೆ ಕೊಡುವ ಕೆಲವು ಮಾತ್ರೆಗಳಿಗೆ ಮಾಂಸದ ರುಚಿ ಸೇರಿಸಿರುತ್ತಾರೆ. ಪಥ್ಯದ ದಿನಗಳಲ್ಲಿ ಅದನ್ನೂ ಡಾಕ್ಟರಿಗೆ ತೋರಿಸಿಯೇ ಕೊಡಬೇಕು.

ಕಳ್ಳ ಸಿಕ್ಕ

ಎಂಟು ವಾರವಾಯಿತು. ಮಲ ಗಟ್ಟಿ, ಕಿವಿ ತಣ್ಣಗೆ, ತಕ್ಕಡಿ 22 ಕಿಲೋ ತೋರಿಸಿತು. ಇಲ್ಲಿಗೆ ಮುಗಿಯಿತೇ? ಇಲ್ಲ. ಡಾಕ್ಟರು ಬೇಕೆಂದೇ ಹಳೆಯ ಪದಾರ್ಥ ಒಂದೊಂದಾಗಿ ಕೊಡಿಸಿದರು. ಗೋಧಿ ಚಪಾತಿ ಒಂದು ವಾರ, ಏನೂ ಆಗಲಿಲ್ಲ. ಅನ್ನ ಒಂದು ವಾರ, ಏನೂ ಇಲ್ಲ. ಬೇಯಿಸಿದ ಕೋಳಿ ಕೊಟ್ಟ ಮೂರನೇ ದಿನ ಭೇದಿ, ಕಿವಿ ಕೆಂಪು. ಕಳ್ಳ ಕೋಳಿ!

ಈಗ ಟೈಗರ್ ಊಟ ಮೀನು, ಅನ್ನ, ಗೆಣಸು, ಡಾಕ್ಟರು ಹೇಳಿದ ಪುಡಿ. ಹಾಲು ಬಂದ್. ಪೊಟ್ಟಣದ ಆಹಾರ ತಂದರೆ ಹಿಂಬದಿಯ ಸಣ್ಣಕ್ಷರ ಮಗಳೇ ಓದುತ್ತಾಳೆ. ಮುಂದೆ ಕುರಿಯ ಚಿತ್ರವಿದ್ದರೂ ಹಿಂದೆ ಕೋಳಿ ಅಡಗಿರುವುದುಂಟು.

ಎಲ್ಲ ನಾಯಿಗೂ ಇಷ್ಟು ಸಲೀಸಾಗಿ ಆಗುತ್ತದೆ ಎಂದಲ್ಲ. ಕೆಲವಕ್ಕೆ ಕರುಳಿನ ಉರಿ ತಗ್ಗಿಸುವ ಔಷಧಿ ಬಹುಕಾಲ ಬೇಕಾಗುತ್ತದೆ. ಕೆಲವಕ್ಕೆ ಬಿ-12 ಇಂಜೆಕ್ಷನ್. ಕೆಲವು ಏನು ಮಾಡಿದರೂ ಉಳಿಯುವುದಿಲ್ಲ. ತಾಲೂಕಿನ ಆಸ್ಪತ್ರೆಯಲ್ಲಿ ತಿಳಿಯದಿದ್ದರೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯ ಕಾಲೇಜುಗಳಿವೆ. ಆದರೆ ಮೂರು ವಾರ ದಾಟಿದ ಭೇದಿಯಲ್ಲಿ ಬರೀ ಊಟ ಬದಲಿಸಿದ್ದಕ್ಕೇ ಸರಿಹೋಗುವ ನಾಯಿಗಳೇ ಹೆಚ್ಚು, ಅದರಲ್ಲೂ ಎಳೆಯವು.

ಇವು ಬೇಡವೇ ಬೇಡ

ಹೊಟ್ಟೆ ಗಟ್ಟಿಯಿದ್ದ ನಾಯಿಗೂ ಕೊಡಬಾರದ್ದು ಕೆಲವಿವೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ರಕ್ತ ಕೆಡಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಕುತ್ತು. ಚಾಕಲೇಟು ವಿಷ. ಬೇಯಿಸಿದ ಮೂಳೆ ಸಿಗಿದು ಕರುಳು ಚುಚ್ಚುತ್ತದೆ. ಮನುಷ್ಯರ ನೋವಿನ ಮಾತ್ರೆ ಕೊಟ್ಟು ನಾಯಿ ಕಳೆದುಕೊಂಡವರಿದ್ದಾರೆ. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ನೀರೂ ಕುಡಿಯದ ಮಂಕು, ಈ ಮೂರರಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ ಓಡಬೇಕು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರ ಗಾದೆ. ನಾಯಿಗೆ ಊಟದ ಬುದ್ಧಿಯೂ ಇಲ್ಲ, ಹೇಳಿಕೊಳ್ಳಲು ಮಾತೂ ಇಲ್ಲ. ಎರಡನ್ನೂ ಸಾಕಿದವರೇ ಬಲ್ಲವರಾಗಬೇಕು.

ಹಸಿವು ಬಾಯಾರಿಕೆಯಿಂದ ನರಳಲಿ ಎಂಬಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಬರೆದಾಗ ಮೊದಲ ತಪ್ಪಿಗೆ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ. ಇಷ್ಟು ದಂಡಕ್ಕೆ ಹೆದರುವವರು ಯಾರು? ಆದ್ದರಿಂದ ಕಾನೂನಿಗಿಂತ ಬೀದಿಯ ಜನರ ನೆರವೇ ದೊಡ್ಡದು. ಅಂಗಡಿಯವರಿಗೂ ಬಸ್ಸಿಗೆ ಕಾಯುವವರಿಗೂ ಕೇಳುವುದು ಇಷ್ಟೇ: ಕಟ್ಟೆಯ ಮೇಲಿನ ಸಾಕುನಾಯಿ ಬಾಲ ಅಲ್ಲಾಡಿಸಿದರೆ ಕೈ ಜೇಬಿಗೆ ಹೋಗುವ ಮೊದಲು ಬಾಯಿ ತೆರೆಯಲಿ. "ಇದಕ್ಕೇನಾದ್ರೂ ಪಥ್ಯ ಇದ್ಯಾ ಯಜಮಾನ್ರೇ?" ಎಂಬ ಒಂದು ಮಾತಿಗೆ ದುಡ್ಡು ಖರ್ಚಿಲ್ಲ. ಒಂದು ಮರಿ ಬೈಪಾಸಿಗೆ ಹೋಗುವುದು ತಪ್ಪೀತು.