ಜಿ.ಐ. ಪೈಪ್‌ಗೆ ವೆಲ್ಡಿಂಗ್ ಬೇಡ, ಬೋಲ್ಟ್ ಹಾಕಿ

ವೇಮಗಲ್ ಹತ್ತಿರ ನಾನು ಮೊದಲ ಸಲ ನೆರಳು ಪರದೆ ಮನೆ ಕಟ್ಟಿದಾಗ ಜಿ.ಐ. ಪೈಪ್‌ಗಳನ್ನೆಲ್ಲ ವೆಲ್ಡಿಂಗ್ ಮಾಡಿಸಿದೆ. ಗಟ್ಟಿ ಇರುತ್ತೆ ಅಂದುಕೊಂಡೆ. ಮೂರನೇ ಮಳೆಗಾಲದಲ್ಲೂ ಪೈಪ್ ಹೊಳೀತಿತ್ತು; ಬೆಸುಗೆ ಹಾಕಿದ ಜಾಗ ಮಾತ್ರ ತುಕ್ಕು ಹಿಡಿದಿತ್ತು. ಒಂದು ಬಿರುಗಾಳಿಗೆ ಮೂಲೆ ಕಿತ್ತುಕೊಂಡು ಕ್ಯಾಪ್ಸಿಕಂ ಸಾಲಿನ ಮೇಲೇ ಬಿತ್ತು.

ಜಿ.ಐ. ಪೈಪನ್ನು ತುಕ್ಕಿನಿಂದ ಕಾಯೋದು ಮೇಲಿರುವ ಸತುವಿನ ಲೇಪ. ಉಕ್ಕು ಕರಗೋಕೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಬೇಕು. ಸತು 907ಕ್ಕೇ ಕುದಿದು ಆವಿಯಾಗುತ್ತೆ. ಹಾಗಾಗಿ ವೆಲ್ಡಿಂಗ್ ಮಾಡಿದ ಕಡೆ ಲೇಪ ಉಳಿಯಲ್ಲ. ಆ ಬಿಳಿ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆ ಬಿಟ್ಟು ಚಳಿಜ್ವರ ಬರಬಹುದು.

ಈಗ ಪೈಪನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಅರ ಹಾಕಿ ತುದಿ ನಯ ಮಾಡಿ, ಜಿಂಕ್ ಪೇಂಟ್ ಹಚ್ಚುತ್ತೇನೆ. ಜೋಡಣೆಗೆ ಜಿ.ಐ. ಕ್ಲಾಂಪ್, ನಟ್-ಬೋಲ್ಟ್.

ವೆಲ್ಡಿಂಗ್ ಮಾಡಲೇಬೇಕಾದರೆ ಮೊದಲು ಆ ಜಾಗದ ಸತುವನ್ನು ಗ್ರೈಂಡರ್‌ನಲ್ಲಿ ತೆಗೆಸಿ. ಗಾಳಿಯಾಡುವ ಕಡೆ, ಲೋಹದ ಹೊಗೆ ತಡೆಯುವ ಮಾಸ್ಕ್ ಹಾಕಿಯೇ ಮಾಡಿಸಿ. ಬಟ್ಟೆ ಕಟ್ಟಿಕೊಂಡರೆ ಸಾಲದು. ಆರಿದ ಮೇಲೆ ಕರಿ ಸಿಪ್ಪೆ ತಟ್ಟಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ಜಿಂಕ್ ಪೇಂಟ್ ಬಳಿಯಿರಿ.

ಬೋಲ್ಟ್ ಸಡಿಲ ಆಗುತ್ತೆ, ನಿಜ. ಗಾಳಿಮಳೆ ಆದ ಮಾರನೇ ದಿನ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ, ಸಾಕು.