ಬೆನ್ನುನೀರಿನಲ್ಲಿ ಹರ್ಪಿಸ್ ಹುಡುಕಾಟ

ಜ್ವರದಲ್ಲಿ ಮಲಗಿದವರಿಗೆ ಮನೆಯವರ ಗುರುತೇ ಹತ್ತದಿದ್ದರೆ, ಮಾತು ತಡವರಿಸಿದರೆ, ಯಾರ ಮೂಗಿಗೂ ಬಾರದ ವಾಸನೆ ಬರುತ್ತಿದೆ ಎಂದರೆ, ಫಿಟ್ಸ್ ಬಂದರೆ ಅದು ಬರೀ ಜ್ವರದ ಬಡಬಡಿಕೆಯಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳಿಗೇ ಸೋಂಕು ತಗಲಿರಬಹುದು. ಬಾದಾಮಿಯಿರಲಿ, ಹುನಗುಂದ, ಇಳಕಲ್ಲಿರಲಿ, ಬಾಗಲಕೋಟೆಯ ದಾರಿ ಹಿಡಿಯಲು ಬೆಳಗಾಗುವವರೆಗೆ ಕಾಯಬಾರದು.

ಮಿದುಳಿನ ಉರಿಯೂತಕ್ಕೆ ಕಾರಣಗಳು ಹಲವು. ಸೊಳ್ಳೆಯಿಂದ ಬರುವ ಜಪಾನೀಸ್ ಎನ್ಸೆಫಲೈಟಿಸ್‌ಗೆ ಲಸಿಕೆಯಿದೆ, ಆದರೆ ಆ ವೈರಸ್ಸನ್ನೇ ಕೊಲ್ಲುವ ಔಷಧಿಯಿಲ್ಲ. ಹರ್ಪಿಸ್ ಸಿಂಪ್ಲೆಕ್ಸ್‌ಗೆ ಇದೆ. ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸಿ ಸುಮ್ಮನಾಗುವ ಈ ವೈರಸ್ ಅಪರೂಪಕ್ಕೆ ಮಿದುಳಿಗೆ ಹೊಕ್ಕು, ಕಿವಿಯ ಮಟ್ಟದಲ್ಲಿರುವ ಟೆಂಪೊರಲ್ ಭಾಗವನ್ನು ಹಾಳುಮಾಡುತ್ತದೆ. ಚಿಕಿತ್ಸೆ ಸಿಗದಿದ್ದರೆ 100ರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಅಸೈಕ್ಲೋವಿರ್ ಎಂಬ ಆ ಔಷಧಿ ಬೇಗ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ಆದ್ದರಿಂದಲೇ ಈ ಒಂದು ವೈರಸ್ಸನ್ನು ಹಟ ಹಿಡಿದು ಹುಡುಕಬೇಕು.

ಹುಡುಕಲು ಬೆನ್ನುನೀರು, ಅಂದರೆ ಮಿದುಳು-ಬೆನ್ನುಹುರಿಯ ಸುತ್ತಲಿನ ದ್ರವ, ಬೇಕು. ನಮ್ಮ ಕಡೆ ತೊಡಕು ಇಲ್ಲಿಯೇ. ‘ಬೆನ್ನಾಗ ಸೂಜಿ ಹಾಕಿದ್ರ ಕಾಲು ಹೋಗ್ತಾವಂತಲ್ರೀ’ ಎಂದು ಸಹಿ ಹಾಕದೆ ನಿಲ್ಲುವವರಿದ್ದಾರೆ. ಭಯ ಸಹಜ, ಆದರೆ ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಮಣಿಗಳ ಹತ್ತಿರವೇ ಮುಗಿಯುತ್ತದೆ. ಸೂಜಿ ಹೋಗುವುದು ಅದರ ಕೆಳಗೆ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಹೊಟ್ಟೆಗೆ ಒತ್ತಿಸಿ, ಮರಗಟ್ಟುವ ಮದ್ದು ಕೊಟ್ಟು ಸೂಜಿ ಇಳಿಸುತ್ತಾರೆ. ಬಾವಿಯ ತಿಳಿನೀರಿನಂಥ ದ್ರವ ಹನಿ ಹನಿಯಾಗಿ ಸೀಸೆಗೆ ಬೀಳುತ್ತದೆ. ತೆಗೆಯುವುದು ಕೆಲವು ಮಿಲಿಲೀಟರ್. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ತಯಾರಿಸುತ್ತದೆ. ತಲೆಯೊಳಗೆ ಒತ್ತಡ ಹೆಚ್ಚಿರುವ ಶಂಕೆಯಿದ್ದರೆ ಮಾತ್ರ ಮೊದಲು ಸ್ಕ್ಯಾನ್ ಮಾಡಿಸುತ್ತಾರೆ.

ಜೀವಕೋಶ, ಪ್ರೋಟೀನ್, ಸಕ್ಕರೆಯ ಲೆಕ್ಕ ಅಂದೇ ಸಿಗುತ್ತದೆ. ಸಕ್ಕರೆ ಸರಿಯಿದ್ದು ಲಿಂಫೊಸೈಟ್ ಎಂಬ ಬಿಳಿ ರಕ್ತಕಣ ಹೆಚ್ಚಿದ್ದರೆ ವೈರಸ್ ಮೇಲೆ ಸಂಶಯ. ಯಾವ ವೈರಸ್ ಎಂದು ಹೇಳುವುದು ಪಿಸಿಆರ್. 1980ರ ದಶಕದಲ್ಲಿ ಖಾತ್ರಿಯಾಗಬೇಕೆಂದರೆ ತಲೆಬುರುಡೆ ಕೊರೆದು ಮಿದುಳಿನ ಚೂರು ತೆಗೆಯಬೇಕಿತ್ತು! ಈಗ ವೈರಸ್ಸಿನ ಡಿಎನ್‌ಎ ತುಣುಕನ್ನು ಬಿಸಿ ಮಾಡಿ, ತಣಿಸಿ, ನಕಲು ಮಾಡುತ್ತ ಹೋಗುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿನಲ್ಲಿ ಲೆಕ್ಕದ ಪ್ರಕಾರ 100 ಕೋಟಿ ದಾಟುತ್ತದೆ. ಕೋವಿಡ್‌ನಲ್ಲಿ ಮನೆಮಾತಾದ ವಿಧಾನವೇ ಇದು. ಆಗ ಜಿಲ್ಲೆಗಳಿಗೆ ಬಂದ ಯಂತ್ರಗಳು ಬೆನ್ನುನೀರಿನ ಪರೀಕ್ಷೆಗೂ ಒದಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಂಗಳೂರಿನ ನಿಮ್ಹಾನ್ಸ್‌ನ ನ್ಯೂರೋವೈರಾಲಜಿ ವಿಭಾಗಕ್ಕೆ ಬಾಗಲಕೋಟೆಯಿಂದ 400 ಕಿಲೋಮೀಟರಿಗೂ ಹೆಚ್ಚು ದೂರ. ಮಾದರಿ ಅಲ್ಲಿಯವರೆಗೆ ತಣ್ಣಗೇ ಇರಬೇಕು, ಬಿಸಿಲಲ್ಲಿ ಬಸ್ಸಿನಲ್ಲಿ ಕುದಿಯಬಾರದು.

ಇನ್ನೊಂದು ಅಪಾಯವಿದೆ. ಕಾಯಿಲೆಯ ಮೊದಲ ಮೂರು ದಿನಗಳಲ್ಲಿ ವೈರಸ್ ಇದ್ದೂ ‘ನೆಗೆಟಿವ್’ ಬರಬಹುದು. ಬೆನ್ನುನೀರಿಗೆ ರಕ್ತ ಬೆರೆತರೂ ಹಾಗಾಗಬಹುದು. ಲಕ್ಷಣಗಳೂ ಎಂಆರ್‌ಐ ಚಿತ್ರವೂ ಹರ್ಪಿಸ್ ಕಡೆಗೇ ಬೆರಳು ತೋರುತ್ತಿದ್ದರೆ ಆ ಒಂದು ಕಾಗದ ನಂಬಿ ಔಷಧಿ ನಿಲ್ಲಿಸುವಂತಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಬೇಕು. ವರದಿಗಾಗಿ ಕಾದು ಔಷಧಿ ತಡಮಾಡುವುದಂತೂ ಬೇಡವೇ ಬೇಡ. ವಯಸ್ಕರಿಗೆ ತೂಕದ ಕಿಲೋಗೆ 10 ಮಿಲಿಗ್ರಾಂನಂತೆ ಎಂಟು ತಾಸಿಗೊಮ್ಮೆ, ರಕ್ತನಾಳದ ಮೂಲಕ, 14ರಿಂದ 21 ದಿನ ಕೊಡುತ್ತಾರೆ. ಮನೆಗೆ ಹೋಗುವ ಅವಸರದಲ್ಲಿ ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು.

ಸರ್ಪಸುತ್ತಿನ ವೈರಸ್ಸೂ ಇದೇ ಕುಟುಂಬದ್ದು. ಅದು ಮಿದುಳಿನ ರಕ್ತನಾಳಗಳಿಗೆ ತಗಲಿದಾಗ ಡಿಎನ್‌ಎ ಸಿಗದೆ, ಬೆನ್ನುನೀರಿನ ಪ್ರತಿಕಾಯ ಮಾತ್ರ ಸುಳಿವು ಕೊಡುವುದುಂಟು. ಎಚ್‌ಐವಿ ಇರುವವರಲ್ಲಿ ಸೈಟೊಮೆಗಾಲೊ, ಎಪ್‌ಸ್ಟೀನ್-ಬಾರ್ ವೈರಸ್‌ಗಳನ್ನೂ ನೋಡಬೇಕಾಗುತ್ತದೆ. ಆದರೆ ಇವು ಕಂಡಷ್ಟಕ್ಕೇ ಕಾಯಿಲೆಗೆ ಇವೇ ಕಾರಣ ಎನ್ನಲಾಗದು.

ಜ್ವರ ಯಾವತ್ತು ಶುರುವಾಯಿತು, ಮಾತು ಯಾವಾಗ ಕೆಟ್ಟಿತು, ಫಿಟ್ಸ್ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಮನೆಯವರು ಒಂದು ಚೀಟಿಯಲ್ಲಿ ಬರೆದು ತಂದರೆ ವೈದ್ಯರಿಗೆ ದೊಡ್ಡ ಉಪಕಾರ. ಪಿಸಿಆರ್ ವರದಿಯನ್ನು ಎಷ್ಟು ನಂಬಬೇಕು ಎಂದು ಅವರು ಲೆಕ್ಕ ಹಾಕುವುದು ಆ ತಾರೀಖಿನಿಂದಲೇ.