ಎಂಜಿನ್ ಒಂದು ಗೇಣು ಹಿಂದಕ್ಕೆ

ಕೇರಳಕ್ಕೆ ಕೆಲಸಕ್ಕೆ ಬರುವ ಕನ್ನಡಿಗರು ಚಟ್ನಿಪುಡಿ, ಉಪ್ಪಿನಕಾಯಿ ಜತೆ ಕೆಎ ನಂಬರಿನ ಗಾಡಿಯನ್ನೂ ತರುತ್ತಾರೆ. ತಿರುವನಂತಪುರದ ಟೆಕ್ನೋಪಾರ್ಕ್‌ನಲ್ಲಿರುವ ನನ್ನ ಗೆಳೆಯ ಹಾಸನದಿಂದ ತಂದದ್ದು ಅವನಪ್ಪನ ಕಾಂಟೆಸ್ಸಾ ಕ್ಲಾಸಿಕ್. ಮೂವತ್ತು ವರ್ಷ ದಾಟಿದ ಕಾರು. ಅದರ ಎಂಜಿನನ್ನು ಒಂದು ಗೇಣು, ಅಂದರೆ ಸುಮಾರು 25 ಸೆಂಟಿಮೀಟರ್ ಹಿಂದಕ್ಕೆ ಸರಿಸಬೇಕೆಂಬುದು ಅವನ ಆಸೆ. ಕೊಚ್ಚಿಯ ಒಂದು ವರ್ಕ್‌ಶಾಪ್ ಒಪ್ಪಿಯೂ ಆಗಿತ್ತು. ನಾನು ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಕೋಡ್ ಬರೆಯುವವನಾದರೂ ಎಂಟೆಕ್ ಮಾಡಿದ್ದು ಮಷಿನ್ ಡಿಸೈನ್‌ನಲ್ಲಿ. ಹಾಗಾಗಿ ‘ಕತ್ತರಿಸೋ ಮುಂಚೆ ಒಂದ್ಸಲ ಲೆಕ್ಕ ಹಾಕು ಗುರು’ ಎಂಬ ಕೆಲಸ ನನ್ನ ಪಾಲಿಗೆ ಬಂತು.

ಕಾಂಟೆಸ್ಸಾವನ್ನು ‘ಭಾರತದ ಮಸಲ್ ಕಾರ್’ ಎನ್ನುವುದು ಅದರ ಮೈಕಟ್ಟು ನೋಡಿ. ಉದ್ದ ಬಾನೆಟ್, ಅಗಲ ಮೂತಿ, ಮುಂದೆ ಎಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ವಿನ್ಯಾಸವನ್ನು ಆಧರಿಸಿ ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮೊದಮೊದಲು ಇದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್. ಆನೆಗೆ ಕುದುರೆಯ ಹೃದಯ ಜೋಡಿಸಿದಂತಿತ್ತು. ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದ ಮೇಲೆಯೇ ಮೈಗೆ ತಕ್ಕ ಕಸುವು ಸಿಕ್ಕಿತು. 2002ರಲ್ಲಿ ತಯಾರಿಕೆ ನಿಂತಿತು.

ಗೆಳೆಯನ ದೂರು ಏನೆಂದರೆ, ಪೊನ್ಮುಡಿಗೆ ಹೋಗುವ ಘಾಟಿಯ 22 ಹೇರ್‌ಪಿನ್ ತಿರುವುಗಳಲ್ಲಿ ಕಾರಿನ ಮೂತಿ ಮಾತು ಕೇಳುವುದಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಹೊರಗಡೆಗೇ ಎಳೆಯುತ್ತದೆ. ಮುಂದೆ ಭಾರ ಹೆಚ್ಚಿದ್ದರೆ ಹೀಗಾಗುವುದು ಸಹಜ. ಭಾರವಾದ ಎಂಜಿನ್ ಹಿಂದೆ ಸರಿದರೆ ಮುಂದಿನ ಟೈರಿನ ಹೊರೆ ಇಳಿಯುತ್ತದೆ, ಹಿಂದಿನ ಟೈರಿಗೆ ಹಿಡಿತ ಬರುತ್ತದೆ. ತರ್ಕ ಸರಿಯಾಗಿಯೇ ಇದೆ.

ಆದರೆ ಎಂಜಿನ್ ಹಿಂದೆ ಫೈರ್‌ವಾಲ್ ಇದೆ. ನಾವು ಐಟಿಯವರು ದಿನಾ ಬಳಸುವ ಮಾತು. ಕಾರಿನಲ್ಲಿ ಅದು ನಿಜಕ್ಕೂ ಬೆಂಕಿಗೂ ನಮ್ಮ ಕಾಲಿಗೂ ನಡುವಿನ ತಗಡಿನ ಗೋಡೆ. ಅದನ್ನು ಕತ್ತರಿಸಿ ಒಳಕ್ಕೆ ತಳ್ಳಬೇಕು. ಆಗ ಬ್ರೇಕ್ ಮಾಸ್ಟರ್ ಸಿಲಿಂಡರ್, ಪೆಡಲ್‌ಗಳು, ಸ್ಟೀರಿಂಗ್ ಕಾಲಂ, ಡ್ಯಾಶ್‌ಬೋರ್ಡ್ ಒಳಗಿನ ಎಸಿ, ಯಾವುದಕ್ಕೂ ಹಳೆಯ ಜಾಗ ಉಳಿಯುವುದಿಲ್ಲ. ಗೇರ್ ಬಾಕ್ಸ್ ಹಿಂದೆ ಬಂದಷ್ಟೂ ನೆಲದ ಟನಲ್ ಅಗಲವಾಗಬೇಕು. ಪ್ರೊಪೆಲ್ಲರ್ ಶಾಫ್ಟ್ ಗಿಡ್ಡ ಮಾಡಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಎಂಜಿನ್ ಮೌಂಟ್‌ಗಳನ್ನು ಹೊಸ ಜಾಗಕ್ಕೆ ವೆಲ್ಡ್ ಮಾಡಬೇಕು, ಸಂಪ್ ಕೆಳಗಿನ ಕ್ರಾಸ್‌ಮೆಂಬರ್‌ಗೆ ತಾಗಬಾರದು. ಇಷ್ಟೆಲ್ಲ ಆದಮೇಲೆ ಕೊಚ್ಚಿಯ ಸೆಕೆಗೆ ಎಂಜಿನ್ನಿನ ಕಾವೂ ಸೇರಿಕೊಳ್ಳುತ್ತದೆ.

ಇನ್ನು ಲೆಕ್ಕ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನ ಚಕ್ರ ನಿಲ್ಲಿಸಿ ತೂಗಿದೆವು. ಮುಂದೆ 650 ಕಿಲೋ, ಹಿಂದೆ 530. ಅಂದರೆ ಮುಂದೆ ಶೇ 55. ಎರಡು ಆಕ್ಸಲ್‌ಗಳ ನಡುವಿನ ಅಂತರ ಸುಮಾರು 267 ಸೆಂಟಿಮೀಟರ್. ಎಂಜಿನ್, ಗೇರ್ ಬಾಕ್ಸ್ ಸೇರಿ 180 ಕಿಲೋ ಎಂದಿಟ್ಟುಕೊಳ್ಳಿ. ಅದನ್ನು 25 ಸೆಂಟಿಮೀಟರ್ ಸರಿಸಿದರೆ ಮುಂದಿನಿಂದ ಹಿಂದಕ್ಕೆ ಹೋಗುವ ಭಾರ 180 ಗುಣಿಸು 25 ಭಾಗಿಸು 267. ಅಂದರೆ ಸುಮಾರು 17 ಕಿಲೋ! ಶೇ 55 ಇದ್ದದ್ದು ಶೇ 53.6ಕ್ಕೆ ಇಳಿಯುತ್ತದೆ. ಅಷ್ಟೇ.

ಈಗ 15 ಕಿಲೋ ತೂಗುವ ಬ್ಯಾಟರಿಯನ್ನು ಬಾನೆಟ್ ಕೆಳಗಿನಿಂದ ತೆಗೆದು ಡಿಕ್ಕಿಯಲ್ಲಿಡಿ. ಅದು ಸಾಗುವ ದೂರ ಸುಮಾರು 3 ಮೀಟರ್. ಅದೇ ಸೂತ್ರ ಹಾಕಿದರೆ ಉತ್ತರ ಮತ್ತೆ 17 ಕಿಲೋ.

ಎರಡೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಅಡ್ಡೆಯ ಎರಡು ತುದಿಗೆ ಕೊಡ ತೂಗುಹಾಕಿಕೊಂಡವನು ಸರಕ್ಕನೆ ತಿರುಗಲಾರ. ಅದೇ ಭಾರವನ್ನು ಎದೆಗವಚಿಕೊಂಡವನು ತಿರುಗಬಲ್ಲ. ಎಂಜಿನ್ ನಡುವಿಗೆ ಬಂದರೆ ಕಾರು ಚುರುಕಾಗಿ ತಿರುಗುತ್ತದೆ, ಡಿಕ್ಕಿಯ ಬ್ಯಾಟರಿ ಆ ಗುಣ ಕೊಡುವುದಿಲ್ಲ. ರೇಸ್ ಟ್ರ್ಯಾಕ್‌ನಲ್ಲಿ ಈ ವ್ಯತ್ಯಾಸ ದೊಡ್ಡದು. ಭಾನುವಾರದ ಪೊನ್ಮುಡಿಗೆ ಅಲ್ಲ.

ನಿಜವಾಗಿ ಎಂಜಿನ್ ಹಿಂದಕ್ಕೆ ಒಯ್ದವರು ಇಡೀ ಗಾಡಿಯನ್ನೇ ಹೊಸದಾಗಿ ಕಟ್ಟಿದರು. ಅಮೆರಿಕದ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ 1970ರಲ್ಲಿ ಓಡಿಸುತ್ತಿದ್ದ ಗಾಡಿಯಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ. ಟ್ರಾನ್ಸ್‌ಮಿಷನ್ ಸಿಡಿದು ಅವರ ಬಲಪಾದದ ಒಂದು ಭಾಗವೇ ಹೋಯಿತು. ಎಂಜಿನ್ ಬೆನ್ನ ಹಿಂದಿರುವ ಹೊಸ ಗಾಡಿ ಕಟ್ಟಿ 1971ರಲ್ಲಿ ಮತ್ತೆ ಗೆದ್ದರು. ದಶಕಗಳ ಕಾಲ ಎಂಜಿನ್ ಮುಂದಿದ್ದ ಶೆವರ್ಲೆ ಕಾರ್ವೆಟ್‌ನಲ್ಲೂ 2020ರ ಮಾದರಿಯಿಂದ ಅದು ಚಾಲಕನ ಹಿಂದಿದೆ. ಅಲ್ಲೂ ಹಳೆಯ ಕಾರಿಗೆ ಗರಗಸ ಹಾಕಲಿಲ್ಲ.

ಕಾನೂನಿನ ಮಾತೂ ಇದೆ, ಹೊರರಾಜ್ಯದಲ್ಲಿರುವ ನಮಗೆ ಇದು ಮುಖ್ಯ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ನಮೂದಿಸಿದ್ದಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ. ಮೂಲ ಲಕ್ಷಣವನ್ನೇ ಬದಲಿಸುವ ರಚನೆಯ ಮಾರ್ಪಾಡು ಇದರಡಿ ಬರುತ್ತದೆ. 2019ರ ಜನವರಿ 9ರಂದು ಈ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ ಬಿಗಿಯಾಗಿ ಎತ್ತಿಹಿಡಿದದ್ದು ಕೇರಳದ ಪ್ರಕರಣದಲ್ಲೇ. ಕೊಚ್ಚಿಯ ಹೈಕೋರ್ಟ್ ಕೊಟ್ಟಿದ್ದ ಆದೇಶ ಆಗ ರದ್ದಾಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಎ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲಿದ್ದರೆ ಕೆಎಲ್ ನಂಬರ್ ಪಡೆಯಬೇಕು. ಎನ್‌ಒಸಿ ತಂದರೂ ಷಾಸಿ ನಂಬರ್, ಎಂಜಿನ್ ನಂಬರ್ ತಾಳೆ ನೋಡುತ್ತಾರೆ. ಕೆಲವು ಕಾರುಗಳಲ್ಲಿ ಷಾಸಿ ನಂಬರ್ ಕೊರೆದಿರುವುದೇ ಫೈರ್‌ವಾಲ್ ಮೇಲೆ! ಕತ್ತರಿಸಿದರೆ ಕಾರಿನ ಗುರುತೇ ಹೋದಂತೆ. ಏನೇ ಬದಲಿಸುವುದಿದ್ದರೂ ಮೊದಲು ಆರ್‌ಟಿಒ, ವಿಮಾ ಕಂಪನಿ ಎರಡನ್ನೂ ಕೇಳಿ.

17 ಕಿಲೋ ಲೆಕ್ಕ ಕೇಳಿ ಗೆಳೆಯ ಎರಡು ದಿನ ಫೋನ್ ಮಾಡಲಿಲ್ಲ. ಮೂರನೆಯ ದಿನ ಕೇಳಿದ್ದು, ಬ್ಯಾಟರಿಗೆ ಎಷ್ಟು ದಪ್ಪದ ಕೇಬಲ್ ಬೇಕು ಎಂದು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದ ಮೇಲೆ ಬ್ಯಾಟರಿ ಡಿಕ್ಕಿಗೆ ಹೋಯಿತು. ಮುಚ್ಚಿದ ಪೆಟ್ಟಿಗೆ, ಅನಿಲ ಹೊರಹೋಗಲು ನಳಿಕೆ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಸಸ್ಪೆನ್ಷನ್ನಿನ ಸವೆದ ಬುಶ್‌ಗಳು, ಗಟ್ಟಿಯಾಗಿಹೋಗಿದ್ದ ಟೈರುಗಳು ಬದಲಾದವು. ಮೂತಿ ಹೊರಗೆಳೆಯಲು ಅವುಗಳದ್ದೂ ಪಾಲಿತ್ತು. ದೊಡ್ಡ ಕೆಲಸ ಕೈತಪ್ಪಿದರೂ ವರ್ಕ್‌ಶಾಪಿನ ಚೇಟ್ಟನ್‌ಗೆ ಬೇಸರವಿರಲಿಲ್ಲ. ‘ಮುರಿಕ್ಕಾನ್ ಎಳುಪ್ಪಮಾ’ ಎಂದರು. ಕತ್ತರಿಸುವುದು ಸುಲಭ ಎಂದರ್ಥ.

ಹಾಸನದಲ್ಲಿರುವ ಅಪ್ಪನಿಗೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಮುಂದಿನ ರಜೆಯಲ್ಲಿ ಅವರು ಬಾನೆಟ್ ಎತ್ತಿದಾಗ, ತಾವು ಎಣ್ಣೆ ಬದಲಿಸುತ್ತಿದ್ದ ಎಂಜಿನ್ ತಾವು ಬಿಟ್ಟ ಜಾಗದಲ್ಲೇ ಇರುತ್ತದೆ.